ಮಾರಾಟಕ್ಕಿಟ್ಟ ಕ್ಯಾಟಮರಾನ್: ತೂಕ, ತಿರುಳು, ದಾಖಲೆ

ಇದು ಮಾರಲು ಹೊರಟ ಒಂದು ಕ್ಯಾಟಮರಾನ್‌ನ, ಅಂದರೆ ಎರಡು ಒಡಲುಗಳ ಹಾಯಿದೋಣಿಯ, ದುರಸ್ತಿಯ ಕಥೆ. ಮೊದಲು ದೋಣಿಯ ವಿವರ. ಉದ್ದ 14.2 ಮೀಟರ್, ಅಗಲ 7.6 ಮೀಟರ್, ನೀರಿಗಿಳಿದದ್ದು 2009ರಲ್ಲಿ. ಇದು ಕಾರ್ಖಾನೆಯ ಅಚ್ಚಿನಿಂದ ತೆಗೆದ ದೋಣಿಯಲ್ಲ. ವಿನ್ಯಾಸಕಾರರಿಂದ ನಕ್ಷೆ ಕೊಂಡು, ಡ್ಯೂಫ್ಲೆಕ್ಸ್ ಹಲಗೆಗಳ ಕಿಟ್ ತರಿಸಿ, ಒಂದೊಂದಾಗಿ ಕೂಡಿಸಿ ಕಟ್ಟಿದ್ದು. ಚಪ್ಪಟೆ ಭಾಗಗಳಲ್ಲೆಲ್ಲ ಹಗುರ ಬಾಲ್ಸಾ ಮರದ ತಿರುಳು (ನಡುಪದರ), ಅದರ ಎರಡೂ ಮೈಗೆ ಎಪಾಕ್ಸಿ ಎಂಬ ಅಂಟುರಾಳದಲ್ಲಿ (ರೆಸಿನ್) ಕೂರಿಸಿದ, ಚದರ ಮೀಟರಿಗೆ 600 ಗ್ರಾಂ ತೂಗುವ ಗ್ಲಾಸ್ ಬಟ್ಟೆ. ನೀರಿನ ಕೆಳಗಿನ ದುಂಡು ಭಾಗಕ್ಕೆ ವೆಸ್ಟರ್ನ್ ರೆಡ್ ಸೀಡರ್ ಪಟ್ಟಿಗಳು. ತಿರುಗುವ ಕಾರ್ಬನ್ ಕಂಬ, ಎರಡು ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ), ಎರಡು ವೋಲ್ವೊ ಡಿ1-30 ಎಂಜಿನ್, ಸೇಲ್‌ಡ್ರೈವ್ (ಎಂಜಿನ್ನಿನಿಂದ ಒಡಲಿನ ಕೆಳಗಿಳಿದ ಪ್ರೊಪೆಲರ್ ಕಾಲು). ಈ ದುರಸ್ತಿ ಕೆಲಸ ನಡೆದದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಗೋಲ್ಡ್ ಕೋಸ್ಟ್‌ನ ಕೂಮೆರಾ ನದಿ ದಡದ ಒಂದು ಯಾರ್ಡ್‌ನಲ್ಲಿ. ಉದ್ದೇಶ ಒಂದೇ: ಮಾರಾಟಕ್ಕೆ ಸಿದ್ಧ ಮಾಡುವುದು.

ಲಗೂನ್, ಫೌಂಟೆನ್ ಪಜೋ ಥರದ ಕಂಪನಿ ದೋಣಿ ಕೊಳ್ಳುವವರಿಗೆ ಅದೇ ಮಾದರಿಯ ಬೇರೆ ದೋಣಿಗಳು ಎಷ್ಟಕ್ಕೆ ಹೋದವು, ಯಾವ ಜಾಗದಲ್ಲಿ ಸೋರುತ್ತವೆ ಎಂಬುದೆಲ್ಲ ಮೊದಲೇ ಗೊತ್ತಿರುತ್ತದೆ. ಒಂದೇ ಒಂದು ಕಟ್ಟಿದ ದೋಣಿಗೆ ಆ ಆಸರೆ ಇಲ್ಲ. ಕೊಳ್ಳುವವರ ಪರವಾಗಿ ದೋಣಿ ಪರೀಕ್ಷಿಸುವ ಸರ್ವೇಯರ್ ಬಂದಾಗ ಕೇಳುವುದು ಮೂರು: ಈಗಿನ ನಿಜವಾದ ತೂಕ ಎಷ್ಟು, ತಿರುಳು ಒಣಗಿದೆ ಎನ್ನಲು ಅಳತೆ ಎಲ್ಲಿದೆ, ಗೋಡೆಯೊಳಗೆ ಏನಿದೆ ಎನ್ನಲು ಕಾಗದ ಎಲ್ಲಿದೆ. ಬಣ್ಣ, ಹಾಸಿಗೆ, ಪರದೆ ಎಲ್ಲ ಆಮೇಲೆ. ಅದಕ್ಕೇ ಕೆಲಸ ಶುರುವಾದದ್ದು ತಕ್ಕಡಿಯಿಂದ.

ಹಂತ 1: ತೂಕ

ದೋಣಿ ಎತ್ತುವ ಟ್ರಾವೆಲ್ ಲಿಫ್ಟ್‌ನ ಪಟ್ಟಿಗಳಲ್ಲಿ ಎತ್ತಿದಾಗ ಅದರ ತೂಕಮಾಪಕ (ಲೋಡ್ ಸೆಲ್) ತೋರಿಸಿದ್ದು 8,960 ಕೆ.ಜಿ. ಟ್ಯಾಂಕ್‌ಗಳಲ್ಲಿ 250 ಲೀಟರ್ ನೀರು, 180 ಲೀಟರ್ ಡೀಸೆಲ್ ಇತ್ತು. ಡೀಸೆಲ್‌ಗೆ ಲೀಟರಿಗೆ 0.84 ಕೆ.ಜಿ. ಹಿಡಿದು ಎರಡನ್ನೂ ಕಳೆದರೆ 8,559. ನಕ್ಷೆಯಲ್ಲಿ ವಿನ್ಯಾಸಕಾರರು ಬರೆದಿದ್ದ ಖಾಲಿ ತೂಕ 6,400, ತುಂಬಿದ ತೂಕ 8,200. ಅಂದರೆ ಟ್ಯಾಂಕ್ ಖಾಲಿ ಇದ್ದಾಗಲೇ ದೋಣಿ ಮಿತಿ ಮೀರಿತ್ತು.

ಇದು ಒಡಲಿನ ಮೇಲೂ ಬರೆದಿತ್ತು. ನೀರುಗೆರೆಯ ಬಳಿ ಉಪ್ಪುಕಾಗದ ಕಟ್ಟಿದ ಮರದ ತುಂಡಿನಿಂದ ಒಂದು ಜಾಗ ಉಜ್ಜಿದರೆ ಆಂಟಿಫೌಲ್ ಬಣ್ಣ (ಪಾಚಿ, ಚಿಪ್ಪು ಅಂಟದಂತೆ ಒಡಲಿನ ಕೆಳಭಾಗಕ್ಕೆ ಹಚ್ಚುವುದು) ಮೂರು ಮೆಟ್ಟಿಲಾಗಿ ಕಂಡಿತು. ಮೂಲ ಗೆರೆ, ಅದರ ಮೇಲೆ 40 ಮಿ.ಮೀ. ಎತ್ತರಿಸಿದ ಪಟ್ಟಿ, ಅದರ ಮೇಲೆ ಮತ್ತೆ 35 ಮಿ.ಮೀ. ವರ್ಷ ಕಳೆದಂತೆ ಸಾಮಾನು ಸೇರಿ ದೋಣಿ ಇಳಿದಂತೆಲ್ಲ ಬಣ್ಣ ಮೇಲೇರಿದೆ. ಈ ಗಾತ್ರದ ಎರಡು ಸಪೂರ ಒಡಲುಗಳಿಗೆ ಒಂದು ಸೆಂಟಿಮೀಟರ್ ಇಳಿಯಲು ಸುಮಾರು 210 ಕೆ.ಜಿ. ಸಾಕು. ಅನುಭವವಿರುವ ಸರ್ವೇಯರ್ ಮೊದಲು ನೋಡುವುದೇ ಈ ಮೆಟ್ಟಿಲುಗಳನ್ನು. ಪುಟ್ಟಿ ಹಚ್ಚಿ ಮುಚ್ಚಲು ಹೋಗಬೇಡಿ. ತೂಕ ಇಳಿಸಿ, ಗೆರೆ ಕೆಳಗೆ ತನ್ನಿ.

ಒಳಗಿನ ಪ್ರತಿಯೊಂದು ವಸ್ತುವನ್ನೂ ತೂಗುತಕ್ಕಡಿಗೆ ಹಾಕಿ, ಪಟ್ಟಿ ಮಾಡಿ, ಆಮೇಲೆ ದಡಕ್ಕಿಳಿಸಿದ್ದು. ಲಾಕರ್‌ಗಳಲ್ಲಿದ್ದ ಮಾಲೀಕರ ಸಾಮಾನು, ಹಳೇ ಹಾಯಿ, ಬಿಡಿಭಾಗ, ಡೈವಿಂಗ್ ಕಂಪ್ರೆಸರ್ ಎಲ್ಲ ಸೇರಿ 540 ಕೆ.ಜಿ. ಡೀಸೆಲ್ ಜನರೇಟರ್ ಮತ್ತು ಅದರ ಡಬ್ಬ 190. ಯಾವುದಕ್ಕೂ ಜೋಡಣೆಯಿಲ್ಲದೆ ಗೋಡೆಯೊಳಗೆ ಉಳಿದಿದ್ದ ವೈರು, ಪೈಪು 68. ಜನರೇಟರ್ ತೆಗೆಯುವುದು ವಾದಕ್ಕೆ ಬಂದ ವಿಷಯ. ಜಾಹೀರಾತಿನಲ್ಲಿ ‘ಜನರೇಟರ್ ಇದೆ’ ಎಂಬ ಸಾಲು ಚೆನ್ನಾಗಿಯೇ ಕಾಣುತ್ತದೆ. ಆದರೆ ಮೇಲೆ 1,600 ವ್ಯಾಟ್ ಸೌರ ಫಲಕ ಇರುವಾಗ, ವೇಗಕ್ಕಾಗಿ ದೋಣಿ ಹುಡುಕುವವರಿಗೆ ಆ 190 ಕೆ.ಜಿ. ಹೊರೆಯೇ.

ಲಂಗರಿನ ಸರಪಳಿ 10 ಮಿ.ಮೀ., 80 ಮೀಟರ್, 180 ಕೆ.ಜಿ. ಅದರ ಬದಲು 8 ಮಿ.ಮೀ. ಗ್ರೇಡ್ 70 ಸರಪಳಿ 60 ಮೀಟರ್, 87 ಕೆ.ಜಿ., ಹಿಂದಕ್ಕೆ ನೈಲಾನ್ ಹಗ್ಗ. ಗ್ರೇಡ್ 70ರ 8 ಮಿ.ಮೀ. ಸರಪಳಿ ಸಾಧಾರಣ ಗ್ರೇಡ್ 30ರ 10 ಮಿ.ಮೀ.ಗಿಂತ ಹೆಚ್ಚು ಭಾರ ತಡೆಯುತ್ತದೆ. ಸರಪಳಿ ಬದಲಿಸಿದರೆ ಲಂಗರು ಎತ್ತುವ ಯಂತ್ರದ (ವಿಂಡ್‌ಲಾಸ್) ಹಲ್ಲುಚಕ್ರವನ್ನೂ ಬದಲಿಸಲೇಬೇಕು. 10ರ ಚಕ್ರದಲ್ಲಿ 8ರ ಕೊಂಡಿ ಕೂರದೆ ಜಾರುತ್ತದೆ, ಅದೂ ಲಂಗರು ಎತ್ತುವ ಹೊತ್ತಿನಲ್ಲಿ.

ಹಂತ 2: ತಿರುಳು ಹಸಿಯಾಗಿರುವ ಜಾಗ ಹುಡುಕುವುದು

ತೇವಾಂಶದ ಮೀಟರ್ ಒಂದನ್ನೇ ನಂಬುವಂತಿಲ್ಲ. ತಾಮ್ರದ ಆಂಟಿಫೌಲ್ ಮೇಲೆ, ಕಾರ್ಬನ್ ಪಟ್ಟಿ ಇರುವಲ್ಲಿ ಅದು ಒಣಗಿದ್ದರೂ ಹಸಿ ಎನ್ನುತ್ತದೆ. ಮೊದಲ ಸುತ್ತು ಸಣ್ಣ ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುವುದು. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಸದ್ದು ಮಂದ. ಸದ್ದು ಬದಲಾದಲ್ಲೆಲ್ಲ ಪೆನ್ಸಿಲ್ ಗೆರೆ. ಎರಡನೇ ಸುತ್ತು ಮೀಟರ್. ಎರಡೂ ಒಪ್ಪಿದ ಕಡೆ ಹೋಲ್ ಸಾ ಹಾಕಿ ತಿರುಳಿನ ಬಿಲ್ಲೆ ತೆಗೆದು ತೂಗುವುದು.

ಬಿಲ್ಲೆಯ ಲೆಕ್ಕ ಸುಲಭ. ಹಸಿ ತೂಕ ಬರೆದುಕೊಳ್ಳಿ, 103 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ, ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸಿ. 0.01 ಗ್ರಾಂ ತೋರಿಸುವ ತಕ್ಕಡಿ ಬೇಕು, ಏಕೆಂದರೆ ಒಣಗಿದ ಬಿಲ್ಲೆ ಎರಡು ಗ್ರಾಂ ಕೂಡ ತೂಗುವುದಿಲ್ಲ. ಎಡಗಡೆಯ ಡೆಕ್‌ನಲ್ಲಿ (ಓಡಾಡುವ ಮೇಲ್ಭಾಗ) ಬೇಲಿಗೂಟದ, ಅಂದರೆ ಅಂಚಿನ ಬೇಲಿ ಹಿಡಿಯುವ ಗೂಟದ, ಬುಡದಿಂದ ತೆಗೆದದ್ದು 3.9 ಗ್ರಾಂ ಇದ್ದು ಒಣಗಿದ ಮೇಲೆ 1.5ಕ್ಕೆ ಬಂತು. ತೇವ ಶೇ. 160. ಬಾಲ್ಸಾ ತನ್ನ ತೂಕಕ್ಕಿಂತ ಹೆಚ್ಚು ನೀರು ಹೊತ್ತುಕೊಂಡಿತ್ತು, ಬೆರಳಲ್ಲಿ ಹಿಚುಕಿದರೆ ಕಪ್ಪು ರಸ. ಅಲ್ಲಿಂದ 350 ಮಿ.ಮೀ. ದೂರದ ಬಿಲ್ಲೆ 1.7ರಿಂದ 1.5: ಶೇ. 13. ಎಪಾಕ್ಸಿ ಹಿಡಿಯಲು ಮರದ ತೇವ ಶೇ. 12ರ ಆಸುಪಾಸಿನಲ್ಲಿರಬೇಕು. ಆದ್ದರಿಂದ ಆ ಬಿಲ್ಲೆಯಿಂದ ಇನ್ನೂ 100 ಮಿ.ಮೀ. ಆಚೆಗೆ ಕತ್ತರಿಸುವ ಗೆರೆ.

ಹಸಿ ಸಿಕ್ಕ ಜಾಗ ಮೂರು: ಈ ಬೇಲಿಗೂಟ, ಹಿಂಬದಿ ಮೆಟ್ಟಿಲಲ್ಲಿ ಈಜು ಏಣಿಯ ಬೋಲ್ಟ್‌ಗಳ ಸುತ್ತ, ಬಲ ಒಡಲಿನಲ್ಲಿ ಆಳಮಾಪಕದ ತೂತು. ಮೂರಕ್ಕೂ ಕಾರಣ ಒಂದೇ. ತೂತು ಕೊರೆದು, ತಿರುಳಿನ ಅಂಚನ್ನು ಎಪಾಕ್ಸಿಯಿಂದ ಮುಚ್ಚದೆ, ಸೀಲಂಟ್ ಮೆತ್ತಿ ಬೋಲ್ಟ್ ಬಿಗಿದಿದ್ದಾರೆ. ಮೂಲ ಕಟ್ಟೋಣದ ತೂತುಗಳೆಲ್ಲ ಸರಿಯಾಗಿಯೇ ಇವೆ. ಹಾಳಾದವೆಲ್ಲ ಆಮೇಲೆ ಯಾರೋ ಸೇರಿಸಿದ ಫಿಟಿಂಗ್‌ಗಳವು. ಈ ವ್ಯತ್ಯಾಸವನ್ನು ಫೋಟೊ ಸಮೇತ ದಾಖಲೆಯಲ್ಲಿ ಬರೆದಿಟ್ಟದ್ದು ಮಾರಾಟದ ಮಾತುಕತೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಹಂತ 3: ಡೆಕ್‌ನ ತಿರುಳು ಬದಲಿಸುವುದು

ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದು, ಹೆಚ್ಚು ಕೆಟ್ಟದ್ದೂ ಇದೇ.

ಡೆಕ್ ಅನ್ನು ಮೇಲಿನಿಂದಲೇ ಬಿಚ್ಚಬೇಕು. ಒಳಗಿನಿಂದ ಮಾಡಿದರೆ ತಲೆಯ ಮೇಲೆ ರೆಸಿನ್ ಸುರಿಸಿಕೊಂಡು ಬಟ್ಟೆಯ ಪದರ ಕೂರಿಸಬೇಕಾಗುತ್ತದೆ, ಹಾಗೆ ಕೂರಿಸಿದ ತಿರುಳು ಎಲ್ಲಾ ಕಡೆ ಅಂಟುತ್ತದೆಂಬ ಭರವಸೆಯಿಲ್ಲ. ಮೇಲಿನ ಜಾರದ ಬಣ್ಣ ತೇಪೆಯನ್ನು ಹೇಗೂ ಮುಚ್ಚುತ್ತದೆ. ಕಟ್ಟರ್‌ನ ಆಳ 1.5 ಮಿ.ಮೀ.ಗೆ ಕಟ್ಟಿ ಮೇಲ್ಪದರ ಕತ್ತರಿಸಿ, ಹೀಟ್ ಗನ್ ಹಿಡಿದು ಅಗಲ ಉಳಿಯಿಂದ ಎಬ್ಬಿಸಿದರೆ ಹಾಳೆಯಾಗಿ ಬರುತ್ತದೆ. ಹಸಿ ಬಾಲ್ಸಾ ಕೈಯಲ್ಲೇ ಕಿತ್ತುಬಂತು. ಒಣ ಅಂಚಿನ ಬಳಿ ಉಳಿ ಬೇಕಾಯಿತು. ಒಳಪದರಕ್ಕೆ ಗಾಯವಾಗದಂತೆ ನೋಡಿಕೊಳ್ಳಿ, ಡೆಕ್‌ನ ಆಕಾರ ಹಿಡಿದಿರುವುದು ಅದೊಂದೇ. ಕೆಳಗಿನಿಂದ ಪ್ಲೈವುಡ್ ಹಲಗೆ ಕೊಟ್ಟು ಊರುಗೋಲು ನಿಲ್ಲಿಸಿದ ಮೇಲೆಯೇ ಬಿಚ್ಚಿ.

ಮೊದಲ ಪ್ರಯತ್ನ ಹೋಯಿತು. 20 ಮಿ.ಮೀ. ಬಾಲ್ಸಾವನ್ನು ಒಂದೇ ತುಂಡಾಗಿ ಕತ್ತರಿಸಿ, ಮಂದವಾಗಿ ಕಲಸಿದ ಎಪಾಕ್ಸಿ ಮೇಲೆ ಕೂರಿಸಿ, ಸೀಸದ ಚೀಲಗಳನ್ನು ಹೇರಲಾಗಿತ್ತು. ಗಟ್ಟಿಯಾದ ಮೇಲೆ ತಟ್ಟಿದರೆ ಹೊರ ಅಂಚಿನುದ್ದಕ್ಕೂ ಟೊಳ್ಳು. ಡೆಕ್‌ಗೆ ಸಣ್ಣ ಉಬ್ಬಿದೆ, ದಪ್ಪ ಹಲಗೆ ಅಷ್ಟು ಬಾಗಲಿಲ್ಲ, ಅಡಿಯಲ್ಲಿ ಸಿಕ್ಕಿಕೊಂಡ ಗಾಳಿಗೆ ಹೊರಹೋಗಲು ದಾರಿಯೂ ಇರಲಿಲ್ಲ. ಎಲ್ಲ ಕಿತ್ತು ಮತ್ತೆ ಮಾಡಬೇಕಾಯಿತು.

ಎರಡನೇ ಸಲ ಬದಲಿಸಿದ್ದು ನಾಲ್ಕು. ಬಾಲ್ಸಾವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ತೆಳು ಬಟ್ಟೆಗೆ ಅಂಟಿಸಿದ ಬಾಗುವ ಹಾಳೆ ತಂದದ್ದು. ಪ್ರತಿ 50 ಮಿ.ಮೀ.ಗೆ 3 ಮಿ.ಮೀ. ಗಾಳಿತೂತು ಕೊರೆದದ್ದು. ಬಾಲ್ಸಾದ ಎರಡೂ ಮೈಗೆ ಮೊದಲು ಬರೀ ರೆಸಿನ್ ಕುಡಿಸಿದ್ದು. ಹಾಗೆ ಮಾಡದಿದ್ದರೆ ಎಳೆಗಳು ಲಂಬವಾಗಿ ನಿಂತಿರುವ ಬಾಲ್ಸಾ ಅಂಟಿನೊಳಗಿನ ರೆಸಿನ್ ಹೀರಿಕೊಂಡು ಸಂದು ಒಣಗಿಬಿಡುತ್ತದೆ. ಕೊನೆಯದಾಗಿ ಸೀಸದ ಚೀಲದ ಬದಲು ವ್ಯಾಕ್ಯೂಮ್ ಚೀಲ, 0.6 ಬಾರ್‌ನಲ್ಲಿ. ಅದಕ್ಕಿಂತ ಹೆಚ್ಚು ಎಳೆದರೆ ಅಂಟು ಗಾಳಿತೂತುಗಳಿಂದ ಮೇಲೆ ಬಂದು ಅಡಿ ಬರಿದಾಗುತ್ತದೆ. ಪ್ರತಿ ತೂತಿನಲ್ಲೂ ರೆಸಿನ್ ಚುಕ್ಕಿ ಕಂಡರೆ ಅಡಿ ತುಂಬಿದೆ ಎಂದರ್ಥ. ಬೇಲಿಗೂಟದ ಬುಡಕ್ಕೆ ಬಾಲ್ಸಾ ಹಾಕಲೇ ಇಲ್ಲ, 150 ಮಿ.ಮೀ. ಚೌಕದ ಗಟ್ಟಿ ಗ್ಲಾಸ್-ಎಪಾಕ್ಸಿ ಹಲಗೆ ಕೂರಿಸಿದ್ದು.

ಗ್ಲಾಸ್ ಹಾಕುವಾಗ ಹೊತ್ತು ನೋಡಬೇಕು. ಒಂದು ತೇಪೆಗೆ ಬೆಳಗ್ಗೆ ಒಂಬತ್ತಕ್ಕೆ ರೆಸಿನ್ ಹಚ್ಚಿದ್ದಕ್ಕೆ ಮಧ್ಯಾಹ್ನದ ಹೊತ್ತಿಗೆ ಮೇಲ್ಮೈ ತುಂಬ ಸೂಜಿತೂತು. ಬಿಸಿಲೇರಿದಂತೆ ಬಾಲ್ಸಾದೊಳಗಿನ ಗಾಳಿ ಹಿಗ್ಗಿ ಹಸಿ ರೆಸಿನ್‌ನಿಂದ ಗುಳ್ಳೆಯಾಗಿ ಹೊರಬರುತ್ತದೆ. ಉಳಿದವನ್ನು ಸಂಜೆ ನಾಲ್ಕರ ನಂತರ, ಉಷ್ಣತೆ ಇಳಿಯುವ ಹೊತ್ತಿನಲ್ಲಿ ಹಚ್ಚಿದ್ದು. ಆಗ ಗಾಳಿ ಕುಗ್ಗಿ ರೆಸಿನ್ ಒಳಕ್ಕೇ ಎಳೆದುಕೊಳ್ಳುತ್ತದೆ. ಹಾರ್ಡ್ನರ್ (ರೆಸಿನ್ ಗಟ್ಟಿಯಾಗಿಸುವ ದ್ರವ) ನಿಧಾನದ್ದು, ವೆಸ್ಟ್ ಸಿಸ್ಟಮ್ 105 ರೆಸಿನ್‌ಗೆ 206, ಐದಕ್ಕೆ ಒಂದು. ಮೂಲ ಹಲಗೆಯಲ್ಲಿ ಎಷ್ಟು ಬಟ್ಟೆಯಿದೆಯೋ ಅಷ್ಟೇ, ಎಳೆಗಳ ದಿಕ್ಕೂ ಅದೇ, ಹಳೆಯ ಪದರದ ಮೇಲೆ ಕನಿಷ್ಠ 50 ಮಿ.ಮೀ. ಹತ್ತಿಸಿ. ದಪ್ಪ ಹಾಕಿದರೆ ಗಟ್ಟಿ ಎಂದು ಎರಡರ ಕಡೆ ನಾಲ್ಕು ಪದರ ಹಾಕುವವರಿದ್ದಾರೆ. ತೇಪೆಯ ಅಂಚಿನಲ್ಲಿ ಬಿಗುವು ಒಮ್ಮೆಲೇ ಬದಲಾಗಿ ಬಿರುಕು ಅಲ್ಲೇ ಶುರುವಾಗುತ್ತದೆ, ತೂಕ ಬೇರೆ.

ಮರುದಿನ ಗಟ್ಟಿಯಾದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ. ಮೊದಲು ನೀರು ಮತ್ತು ಒರಟು ಉಜ್ಜುಬಟ್ಟೆಯಿಂದ ತೊಳೆದು ಆಮೇಲೆ ಉಪ್ಪುಕಾಗದ. ತೊಳೆಯದೆ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ತುಂಬಿ ಮುಂದಿನ ಪದರ ಹಿಡಿಯುವುದಿಲ್ಲ.

ಮಲ್ಪೆ, ಮಂಗಳೂರು ಕಡೆಯ ಫೈಬರ್ ದೋಣಿ ಕೆಲಸ ಬಲ್ಲವರಿಗೆ ಒಂದು ಮಾತು. ಅಲ್ಲಿ ಕೈಗೆ ಸುಲಭವಾಗಿ ಸಿಗುವ ಪಾಲಿಯೆಸ್ಟರ್ ರೆಸಿನ್ ಅನ್ನು ಇಂಥ ದೋಣಿಯ ತೇಪೆಗೆ ಬಳಸಬೇಡಿ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಕೂರುತ್ತದೆ. ಹಳೇ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಭದ್ರವಾಗಿ ಹಿಡಿಯುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ತೇಪೆ ಎದ್ದುಬರುತ್ತದೆ.

ಹಂತ 4: ಬೋಲ್ಟ್ ತೂತುಗಳು

ಡೆಕ್‌ನ ಎಲ್ಲ ಫಿಟಿಂಗ್ ಬಿಚ್ಚಲಿಲ್ಲ. 2009ರ ನಂತರ ಸೇರಿಸಿದವನ್ನು ಮಾತ್ರ. 10 ಮಿ.ಮೀ. ಬೋಲ್ಟ್‌ಗೆ 16 ಮಿ.ಮೀ. ತೂತು ಕೊರೆದು, ಬಾಗಿಸಿದ ಮೊಳೆಯನ್ನು ಡ್ರಿಲ್‌ಗೆ ಕಚ್ಚಿಸಿ ತಿರುಳನ್ನು ಸುತ್ತ ಇನ್ನೂ ಕೆಲವು ಮಿ.ಮೀ. ಕೆರೆದು, ಅಡಿಗೆ ಟೇಪ್ ಹಚ್ಚಿ, ಮೊದಲು ಬರೀ ರೆಸಿನ್, ಆಮೇಲೆ ಗಟ್ಟಿ ಫಿಲ್ಲರ್ ಕಲಸಿದ ಎಪಾಕ್ಸಿ ತುಂಬಿ, ಆರಿದ ಮೇಲೆ 10ರ ತೂತು. ಬೋಲ್ಟ್ ಬಿಗಿದಾಗ ಭಾರ ತಿರುಳಿನ ಮೇಲೆ ಬೀಳದೆ ಎಪಾಕ್ಸಿ ಬಿಲ್ಲೆಯ ಮೇಲೆ ಬೀಳುತ್ತದೆ. ಮುಂದೆ ಸೀಲಂಟ್ ಸೋತರೂ ನೀರು ಬಾಲ್ಸಾ ಮುಟ್ಟುವುದಿಲ್ಲ.

ಹಂತ 5: ಡ್ಯಾಗರ್‌ಬೋರ್ಡ್‌ಗಳು

ಎರಡೂ ಒಂದೇ ಅಳತೆಯವು, 3.1 ಮೀಟರ್. ಹೊರಗೆಳೆದು ತೂಗಿದಾಗ ಬಲಗಡೆಯದು 41 ಕೆ.ಜಿ., ಎಡಗಡೆಯದು 58. ಹೊರನೋಟಕ್ಕೆ ಎರಡೂ ಚೆನ್ನಾಗಿಯೇ ಇದ್ದವು. ಆ ಹದಿನೇಳು ಕೆ.ಜಿ. ವ್ಯತ್ಯಾಸ ನೀರಿನದೆಂದು ತಕ್ಕಡಿ ಹೇಳಿದ ಮೇಲೆಯೇ ಹಿಂಬದಿ ಅಂಚಿನ ಕೂದಲೆಳೆ ಬಿರುಕು ಕಣ್ಣಿಗೆ ಬಿದ್ದದ್ದು. ಎಲ್ಲೋ ಮರಳು ದಿಬ್ಬಕ್ಕೆ ತಗುಲಿ ಬೋರ್ಡ್ ಒಡಲಿನ ಬಾಯಿಗೆ ಒತ್ತಿದ ಗುರುತು.

ಕೆಳತುದಿಗೆ 6 ಮಿ.ಮೀ. ತೂತುಗಳನ್ನು ಕೊರೆದು ನೇತುಹಾಕಿ ಬಸಿಯಬಿಟ್ಟು, ತೊಟ್ಟಿಕ್ಕುವುದು ನಿಂತ ಮೇಲೆ ಬಿರುಕಿನ ಮೇಲೆ ವ್ಯಾಕ್ಯೂಮ್ ಚೀಲ ಹಾಕಿ ಎಳೆಸಿದ್ದು. ಬಸಿಯುವುದು ನಿಂತಿತೆಂದರೆ ಒಣಗಿತೆಂದಲ್ಲ. ದಿನಾ ಬೆಳಗ್ಗೆ ತೂಗಿ, ಮೂರು ದಿನ ಒಂದೇ ತೂಕ ಬಂದ ಮೇಲೆಯೇ ಮುಚ್ಚಬೇಕು. ಇದು 43 ಕೆ.ಜಿ.ಗೆ ನಿಂತಿತು. ಬಿರುಕಿನ ಎರಡೂ ಬದಿ ಇಳಿಜಾರಾಗಿ ಉಜ್ಜಿ, ಒಂದಕ್ಕೊಂದು ಅಡ್ಡವಾಗಿ 45 ಡಿಗ್ರಿಯ ಬಟ್ಟೆ ಸುತ್ತಿ ಮುಚ್ಚಿದ್ದು.

ದೋಣಿ ಲಂಗರಿನಲ್ಲಿದ್ದಾಗ ಬೋರ್ಡ್ ತನ್ನ ಗೂಡಿನೊಳಗೆ ರಾತ್ರಿಯಿಡೀ ಬಡಿಯುತ್ತಿತ್ತು. ಹಳೇ ಪ್ಲಾಸ್ಟಿಕ್ ಪಟ್ಟಿಗಳು ಸವೆದು ಸಂದು ಹನ್ನೊಂದು ಮಿ.ಮೀ. ಆಗಿತ್ತು. ಹೊಸದಾಗಿ ಸವೆತ ತಡೆಯುವ ಯುಎಚ್‌ಎಂಡಬ್ಲ್ಯು ಪಾಲಿಥೀನ್ ಪಟ್ಟಿ, ಉಳಿಸಿದ ಸಂದು 4 ಮಿ.ಮೀ. ಈ ಪ್ಲಾಸ್ಟಿಕ್‌ಗೆ ಯಾವ ಅಂಟೂ ನೆಚ್ಚುವಂತಿಲ್ಲ, ತಗ್ಗುತಲೆಯ ಸ್ಕ್ರೂ ಹಾಕಬೇಕು. ಸ್ಕ್ರೂ ತೂತು ದುಂಡಾಗಿರದೆ ಉದ್ದವಾಗಿರಲಿ: 400 ಮಿ.ಮೀ. ಪಟ್ಟಿ 30 ಡಿಗ್ರಿ ಬಿಸಿಗೆ ಎರಡು ಮಿ.ಮೀ.ಗಿಂತ ಹೆಚ್ಚು ಬೆಳೆಯುತ್ತದೆ. ದುಂಡು ತೂತಿನಲ್ಲಿ ಬಿಗಿದರೆ ಮಧ್ಯದಲ್ಲಿ ಉಬ್ಬಿ ಬೋರ್ಡ್ ಅನ್ನೇ ಹಿಡಿದುಕೊಳ್ಳುತ್ತದೆ.

ಹಂತ 6: ಚುಕ್ಕಾಣಿಯ ಬುಶ್

ಚುಕ್ಕಾಣಿ ದಂಡ 50 ಮಿ.ಮೀ. ಅದು ಒಳಗೆ ತಿರುಗುವ ಬಳೆ, ಅಂದರೆ ಬುಶ್, ಸವೆದು ಅಲುಗಾಡುತ್ತಿತ್ತು. ಟರ್ನರ್ ಹತ್ತಿರ ಮೊದಲು ಮಾಡಿಸಿದ್ದು ನೈಲಾನ್‌ನಲ್ಲಿ, ಒಳವ್ಯಾಸ 50.15. ದೋಣಿಗೆ ಹಾಕುವ ಮೊದಲು ಉಪ್ಪುನೀರಿನ ಬಕೆಟ್‌ನಲ್ಲಿ ಹತ್ತು ದಿನ ಮುಳುಗಿಸಿಟ್ಟು ತೆಗೆದರೆ ದಂಡ ಒಳಗೇ ಹೋಗಲಿಲ್ಲ. ನೈಲಾನ್ ನೀರು ಕುಡಿದು ಊದುತ್ತದೆ. ಅಸಿಟಾಲ್ ಪ್ಲಾಸ್ಟಿಕ್‌ನಲ್ಲಿ 50.25ಕ್ಕೆ ಮತ್ತೆ ಮಾಡಿಸಿ, ಅದನ್ನೂ ಬಕೆಟ್‌ಗೆ ಹಾಕಿ ನೋಡಿದ್ದು. ಅಳತೆ ಕದಲಲಿಲ್ಲ. ಬಕೆಟ್ ಪರೀಕ್ಷೆಗೆ ಖರ್ಚಿಲ್ಲ. ನೀರಿಗಿಳಿದ ಮೇಲೆ ಸ್ಟೀರಿಂಗ್ ಬಿಗಿಯಾದರೆ ಮತ್ತೆ ದಡಕ್ಕೆತ್ತುವ ಬಾಡಿಗೆ ಬೇರೆ.

ಹಂತ 7: ಕಂಬ, ತಂತಿ, ಮುಂದಿನ ಅಡ್ಡತೊಲೆ

ಕ್ರೇನ್ ಹಿಡಿಸಿ ಕಂಬ ಇಳಿಸಿದ್ದು. ಕಂಬ ಹಿಡಿದು ನಿಲ್ಲಿಸುವ ತಂತಿಗಳು 12 ಮಿ.ಮೀ. 1×19 (ಹತ್ತೊಂಬತ್ತು ಎಳೆ ಹೊಸೆದ) ಸ್ಟೇನ್‌ಲೆಸ್, ನೀರಿಗಿಳಿದಾಗಿನವೇ. ನೋಡಲು ಹೊಳೆಯುತ್ತಿದ್ದರೂ, ಹತ್ತು ಹನ್ನೆರಡು ವರ್ಷ ದಾಟಿದ ತಂತಿಗೆ ವಿಮೆಯವರು ತಕರಾರು ತೆಗೆಯುತ್ತಾರೆ, ಕೊಳ್ಳುವವರಿಗೆ ವಿಮೆ ಸಿಗದಿದ್ದರೆ ಮಾರಾಟ ನಿಲ್ಲುತ್ತದೆ. ಡೈನೀಮಾ (ಬಲವಾದ ನಾರಿನ ಹಗ್ಗ) ಹಾಕಿದರೆ ಮೇಲಿನ ತೂಕ ಇಳಿಯುತ್ತಿತ್ತು. ಸ್ವಂತಕ್ಕೆ ಇಟ್ಟುಕೊಳ್ಳುವ ದೋಣಿಯಾದರೆ ಅದೇ ಸರಿ. ಆದರೆ ಅದು ನಿಧಾನವಾಗಿ ಹಿಗ್ಗುತ್ತದೆ, ಉಜ್ಜಾಟ ಮತ್ತು ಬಿಸಿಲಿನ ಗುರುತು ಓದಲು ಅಭ್ಯಾಸ ಬೇಕು. ಯಾರು ಕೊಳ್ಳುತ್ತಾರೋ ಗೊತ್ತಿಲ್ಲದಾಗ ತಂತಿಯೇ ಲೇಸು ಎಂದು ಅದನ್ನೇ ಹಾಕಿದ್ದು.

ಚೈನ್‌ಪ್ಲೇಟ್‌ಗಳನ್ನು (ತಂತಿಗಳನ್ನು ಒಡಲಿಗೆ ಕಟ್ಟುವ ಲೋಹದ ಪಟ್ಟಿ) ಪೂರ್ತಿ ಹೊರತೆಗೆಯಬೇಕು. ಕಣ್ಣಿಗೆ ಕಾಣುವ ಭಾಗ ಸ್ವಚ್ಛವಾಗಿತ್ತು; ಸೀಲಂಟ್‌ನ ಹಿಂದೆ, ಗಾಳಿಯಾಡದ ಜಾಗದಲ್ಲಿ ಕಂದು ಕುಳಿಗಳು. ಸ್ಟೇನ್‌ಲೆಸ್‌ಗೆ ಆಮ್ಲಜನಕ ಸಿಗದೆ ಉಪ್ಪುನೀರು ಮಾತ್ರ ಸಿಕ್ಕರೆ ಹೀಗೆ ಒಳಗೊಳಗೇ ತಿನ್ನುತ್ತದೆ. ಬಿರುಕು ತೋರಿಸುವ ಡೈ ಹಚ್ಚಿ ನೋಡಿದಾಗ ಒಂದರಲ್ಲಿ ಬೋಲ್ಟ್ ತೂತಿನಿಂದ ಬಿರುಕೇ ಹೊರಟಿತ್ತು. ಎಲ್ಲವನ್ನೂ 316 ದರ್ಜೆಯ ಸ್ಟೇನ್‌ಲೆಸ್‌ನಲ್ಲಿ ಹೊಸದಾಗಿ ಮಾಡಿಸಿದ್ದು.

ಮುಂದಿನ ಅಲ್ಯುಮಿನಿಯಂ ಅಡ್ಡತೊಲೆಯಲ್ಲಿ ಸ್ಟೇನ್‌ಲೆಸ್ ಫಿಟಿಂಗ್‌ಗಳ ಅಡಿಯಲ್ಲೆಲ್ಲ ಬಿಳಿ ಪುಡಿ. ಕೆರೆದು ಅಳೆದರೆ ಗೋಡೆ 5 ಮಿ.ಮೀ.ನಲ್ಲಿ ಹೆಚ್ಚೆಂದರೆ 0.6 ಹೋಗಿತ್ತು, ತೊಲೆ ಉಳಿಯಿತು. ಮರುಜೋಡಣೆಗೆ ಪ್ರತಿ ಸ್ಕ್ರೂಗೂ ಟೆಫ್-ಜೆಲ್ (ಎರಡು ಲೋಹ ತಾಗಿ ತಿನ್ನದಂತೆ ತಡೆಯುವ ಲೇಪ), ಪ್ಲೇಟ್‌ಗಳ ಅಡಿಗೆ ಪ್ಲಾಸ್ಟಿಕ್ ಹಾಳೆ. ಮುಂದೆ ಎರಡು ಒಡಲುಗಳ ನಡುವಿನ ಬಲೆ ಕಟ್ಟುವ ಹುರಿ ಬಿಸಿಲಿಗೆ ಸತ್ತಿತ್ತು, 5 ಮಿ.ಮೀ. ಡೈನೀಮಾದಲ್ಲಿ ಹೊಸದಾಗಿ ಹೆಣೆದದ್ದು.

ಹಂತ 8: ಸೇಲ್‌ಡ್ರೈವ್

ಒಡಲಿನ ತೂತನ್ನು ಮುಚ್ಚಿರುವ ರಬ್ಬರ್ ಪೊರೆಯನ್ನು ವೋಲ್ವೊ ಏಳು ವರ್ಷಕ್ಕೊಮ್ಮೆ ಬದಲಿಸಲು ಹೇಳುತ್ತದೆ. ದಾಖಲೆಯಲ್ಲಿ ಕೊನೆಯ ಸಲದ ರಸೀದಿ ಇರಲಿಲ್ಲ. ರಸೀದಿ ಇಲ್ಲವೆಂದರೆ ಬದಲಿಸಿಲ್ಲವೆಂದೇ ಲೆಕ್ಕ. ಎಂಜಿನ್ ಬಿಚ್ಚಿ ಮುಂದಕ್ಕೆ ಜಾರಿಸಿ ಕೆಲಸ ಮಾಡಬೇಕಾದ್ದರಿಂದ ಆಗಲೇ ಎಂಜಿನ್ ಮೌಂಟ್, ಹೋಸ್, ನೀರಿನ ಸೀಲ್ ಎಲ್ಲ ಬದಲಿಸಿಬಿಡಿ. ಎಡಗಡೆಯ ಗೇರ್ ಎಣ್ಣೆ ಹಾಲುಬಣ್ಣಕ್ಕೆ ತಿರುಗಿತ್ತು, ಪ್ರೊಪೆಲರ್ ದಂಡದ ಸೀಲ್‌ಗೆ ಮೀನುಗಾರಿಕೆ ದಾರ ಸುತ್ತಿ ಕೊಯ್ದಿತ್ತು. ಕಾಲಿನ ಭಾಗ ಅಲ್ಯುಮಿನಿಯಂ, ಅದಕ್ಕೆ ಒಡಲಿನ ತಾಮ್ರದ ಆಂಟಿಫೌಲ್ ಹಚ್ಚಿದರೆ ಕಾಲನ್ನೇ ತಿನ್ನುತ್ತದೆ. ಬೇರೆ ಬಣ್ಣ ಇಟ್ಟುಕೊಳ್ಳಿ, ಎರಡರ ನಡುವೆ ಖಾಲಿ ಪಟ್ಟಿ ಬಿಡಿ.

ಹಂತ 9: ಬ್ಯಾಟರಿ

ನಾಲ್ಕು 200 ಆಂಪ್‌ಅವರ್ ಎಜಿಎಂ (ಸೀಸ-ಆಮ್ಲ) ಬ್ಯಾಟರಿಗಳು ಒಟ್ಟು 244 ಕೆ.ಜಿ. ಅವುಗಳ ಜಾಗಕ್ಕೆ 400 ಆಂಪ್‌ಅವರ್ ಲಿಥಿಯಂ ಐರನ್ ಫಾಸ್ಫೇಟ್, ವೈರಿಂಗ್ ಸೇರಿ 60 ಕೆ.ಜಿ. ಎಜಿಎಂನಲ್ಲಿ ಅರ್ಧ ಮಾತ್ರ ಬಳಸಬಹುದಿತ್ತು, ಲಿಥಿಯಂನಲ್ಲಿ ಹೆಚ್ಚುಕಡಿಮೆ ಪೂರ್ತಿ. ಹಾಗಾಗಿ ಕೈಗೆ ಸಿಗುವ ಶಕ್ತಿ ಅಷ್ಟೇ, ತೂಕ ಮಾತ್ರ 184 ಕಡಿಮೆ.

ಎಂಜಿನ್ನಿನಿಂದ ವಿದ್ಯುತ್ ಮಾಡುವ ಆಲ್ಟರ್ನೇಟರ್‌ಗೆ ನೇರ ಜೋಡಿಸಿ ನೋಡಿದ್ದು ಸರಿಹೋಗಲಿಲ್ಲ. 115 ಆಂಪ್‌ನ ಆಲ್ಟರ್ನೇಟರ್ 1,100 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷಕ್ಕೆ 118 ಡಿಗ್ರಿಗೆ ಏರಿತು. ಲಿಥಿಯಂ ಕೊಟ್ಟಷ್ಟೂ ಕುಡಿಯುತ್ತದೆ, ನಿಧಾನ ಓಟದಲ್ಲಿ ಫ್ಯಾನ್ ಗಾಳಿ ಸಾಲದು. ಇನ್ನೊಂದು ಅಪಾಯ: ಚಾರ್ಜ್ ನಡುವೆ ಬಿಎಂಎಸ್ (ಬ್ಯಾಟರಿ ಕಾಯುವ ನಿಯಂತ್ರಕ) ಬ್ಯಾಟರಿಯನ್ನು ಕಡಿದರೆ ವೋಲ್ಟೇಜ್ ಚಿಮ್ಮಿ ಆಲ್ಟರ್ನೇಟರ್‌ನ ಡಯೋಡ್ ಸುಟ್ಟುಹೋಗುತ್ತದೆ. ಪ್ರತಿ ಎಂಜಿನ್‌ನ ಸ್ಟಾರ್ಟ್ ಬ್ಯಾಟರಿಯಿಂದ 50 ಆಂಪ್ ಡಿಸಿ-ಡಿಸಿ ಚಾರ್ಜರ್ ಮೂಲಕ ಕೊಟ್ಟಾಗ 84 ಡಿಗ್ರಿಗೆ ನಿಂತಿತು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಟಿ ಕ್ಲಾಸ್ ಫ್ಯೂಸ್. ಲಿಥಿಯಂ ಶಾರ್ಟ್ ಆದಾಗ ಹರಿಯುವ ಕರೆಂಟನ್ನು ಸಾಧಾರಣ ಎಎನ್‌ಎಲ್ ಫ್ಯೂಸ್ ಕಡಿಯುತ್ತದೆಂದು ನಂಬುವಂತಿಲ್ಲ.

ಹಂತ 10: ಕಿಟಕಿ, ಬಣ್ಣ

ಸಲೂನ್‌ನ 1.6 ಮೀಟರ್ ಅಕ್ರಿಲಿಕ್ ಕಿಟಕಿಗಳನ್ನು ಬೋಲ್ಟ್ ಹಾಕಿ ಬಿಗಿದಿದ್ದರು, ಪ್ರತಿ ಬೋಲ್ಟ್‌ನಿಂದಲೂ ಬಿರುಕು. ಆ ಉದ್ದದ ಅಕ್ರಿಲಿಕ್ 40 ಡಿಗ್ರಿ ಏರಿಳಿತಕ್ಕೆ ನಾಲ್ಕು ಮಿ.ಮೀ.ಗಿಂತ ಹೆಚ್ಚು ಓಡಾಡುತ್ತದೆ. ಹೊಸವನ್ನು ಬೋಲ್ಟ್ ಇಲ್ಲದೆ ಸಿಕಾಫ್ಲೆಕ್ಸ್ 295 ಯುವಿಯಲ್ಲಿ ಅಂಟಿಸಿದ್ದು. ಮೊದಲನೆಯದನ್ನು ಕ್ಲ್ಯಾಂಪ್ ಹಾಕಿ ಒತ್ತಿದ್ದರಿಂದ ಒಂದು ಮೂಲೆಯಲ್ಲಿ ಅಂಟು 1 ಮಿ.ಮೀ.ಗೆ ಹಿಂಡಿಹೋಗಿ, ಬಿಸಿಲು ಬಿದ್ದ ವಾರದಲ್ಲೇ ಬಿಟ್ಟುಕೊಂಡಿತು. ಮುಂದಿನವಕ್ಕೆ 5 ಮಿ.ಮೀ. ರಬ್ಬರ್ ಬಿಲ್ಲೆಗಳನ್ನು ಇಟ್ಟು ಅಂಟಿನ ದಪ್ಪ ಕಾಯ್ದದ್ದು. ಅಕ್ರಿಲಿಕ್‌ಗೆ ಅಸಿಟೋನ್ ಮುಟ್ಟಿಸಲೇಬೇಡಿ.

ಪೂರ್ತಿ ಬಣ್ಣ ಹೊಡೆಸಲಿಲ್ಲ. ಮನೆಯಲ್ಲಿ ಕಟ್ಟಿದ ದೋಣಿಗೆ ಮಾರುವ ಮುಂಚೆ ಹೊಸ ಬಣ್ಣ ಬಳಿದರೆ ಸರ್ವೇಯರ್ ಕಣ್ಣಿಗೆ ಅದು ಮುಚ್ಚಿಟ್ಟಂತೆ ಕಾಣುತ್ತದೆ, ಖರ್ಚು ನೀರಲ್ಲಿ ಹೋಮ. ತೇಪೆಗಳಿಗೆ ಮಾತ್ರ ಬಿಳಿ. ಕ್ವೀನ್ಸ್‌ಲ್ಯಾಂಡ್ ಬಿಸಿಲಿಗೆ ಗಾಢ ಬಣ್ಣದ ಡೆಕ್ ಕಾದರೆ ಅಡಿಯ ಎಪಾಕ್ಸಿ ಮೆತ್ತಗಾಗುತ್ತದೆ. ನೀರುಗೆರೆಯ ಮೇಲಿನ ಎರಡೂ ಪಟ್ಟಿ ಉಜ್ಜಿ ತೆಗೆದು, ಗೆರೆಯನ್ನು ಮೂಲದಿಂದ 25 ಮಿ.ಮೀ. ಮೇಲಕ್ಕೆ ತಂದದ್ದು. ಆಂಟಿಫೌಲ್ ಅನ್ನು ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ, ಆ ದೂಳು ವಿಷ.

ಹಂತ 11: ಮರುತೂಕ, ಕಾಗದ, ಖರ್ಚು

ಮತ್ತೆ ಲಿಫ್ಟ್‌ಗೆ ಏರಿದಾಗ, ಟ್ಯಾಂಕ್ ಖಾಲಿ, 7,480 ಕೆ.ಜಿ. ಇಳಿದದ್ದು 1,079: ಮಾಲೀಕರ ಸಾಮಾನು 540, ಜನರೇಟರ್ 190, ಬ್ಯಾಟರಿ 184, ಸರಪಳಿ 93, ಸತ್ತ ವೈರು-ಪೈಪು 68, ಬಸಿದ ನೀರು ಸುಮಾರು 45, ಇದರಿಂದ ದುರಸ್ತಿಗೆ ಸೇರಿಸಿದ 41 ಕಳೆಯಬೇಕು. ಬ್ರೋಕರ್‌ಗಳು ಬಳಸುವ ಬ್ರೂಸ್ ಸಂಖ್ಯೆ (ತೂಕಕ್ಕೆ ಎಷ್ಟು ಹಾಯಿ ಎಂಬ ಅಳತೆ, ಹೆಚ್ಚಿದ್ದಷ್ಟೂ ವೇಗ), 108 ಚದರ ಮೀಟರ್ ಹಾಯಿಗೆ, 1.28ರಿಂದ 1.34ಕ್ಕೆ ಏರಿತು. ವಿನ್ಯಾಸಕಾರರ 6,400 ಮುಟ್ಟಲಿಲ್ಲ. ಜಾಹೀರಾತಿನಲ್ಲಿ ಹಾಕಿದ್ದು ಲಿಫ್ಟ್ ಚೀಟಿಯ ಸಂಖ್ಯೆ, ನಕ್ಷೆಯದ್ದಲ್ಲ.

ಕಡತದಲ್ಲಿ ಇಟ್ಟದ್ದು: ನಕ್ಷೆ ಮತ್ತು ವಿನ್ಯಾಸಕಾರರ ಪರವಾನಗಿ, ಪ್ರತಿ ಭಾಗದ ಪದರಪಟ್ಟಿ, ಕಿಟ್‌ನ ರಸೀದಿ, ಕಟ್ಟುವಾಗಿನ ಫೋಟೊ, ಬಿಲ್ಲೆಗಳ ತೇವದ ಕೋಷ್ಟಕ, ಎರಡೂ ಲಿಫ್ಟ್ ಚೀಟಿ, ಆಸ್ಟ್ರೇಲಿಯನ್ ಹಡಗು ನೋಂದಣಿ ಪತ್ರ. ಗ್ಯಾಸ್ ಒಲೆ ಇರುವ ದೋಣಿ ಮಾರಲು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪರವಾನಗಿ ಇರುವವರಿಂದ ಗ್ಯಾಸ್ ಪ್ರಮಾಣಪತ್ರ ಬೇಕು. ಆಪತ್ತಿನಲ್ಲಿ ಸಂಕೇತ ಕಳಿಸುವ ಇಪರ್ಬ್ ಬೀಕನ್‌ನ ನೋಂದಣಿಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸುವ ವಿವರವನ್ನೂ ಸೇರಿಸಿ. ಯುರೋಪಿಗೆ ಒಯ್ಯುವವರಿದ್ದರೆ ಅಲ್ಲಿ ಬೇಕಾದ ಸಿಇ ಸುರಕ್ಷತಾ ಗುರುತಿಲ್ಲವೆಂದೂ, ನಿರ್ಮಾಣೋತ್ತರ ಪರಿಶೀಲನೆ ಅವರ ಖರ್ಚೆಂದೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಖರ್ಚು, ಆಸ್ಟ್ರೇಲಿಯನ್ ಡಾಲರ್‌ನಲ್ಲಿ, ಕೂಲಿ ಬಿಟ್ಟು: ತಂತಿ ಮತ್ತು ಚೈನ್‌ಪ್ಲೇಟ್ 9,400, ಬ್ಯಾಟರಿ, ಚಾರ್ಜರ್ 7,900, ಯಾರ್ಡ್ ಮತ್ತು ಲಿಫ್ಟ್ 5,200, ಬಣ್ಣ 2,900, ಕಿಟಕಿ 2,600, ಎಪಾಕ್ಸಿ, ಬಟ್ಟೆ, ಬಾಲ್ಸಾ 2,350, ಪ್ರಮಾಣಪತ್ರ, ಸರ್ವೆ 1,900, ಕ್ರೇನ್ 1,600, ಸರಪಳಿ, ಹಲ್ಲುಚಕ್ರ 1,450, ಸೇಲ್‌ಡ್ರೈವ್ ಭಾಗಗಳು 1,150, ಬುಶ್ 780. ಒಟ್ಟು 37,230. ಎಲ್ಲಕ್ಕಿಂತ ಕಡಿಮೆ ಹಣದಲ್ಲಿ ಹೆಚ್ಚು ಕೆಲಸ ಕೊಟ್ಟದ್ದು ತಕ್ಕಡಿ.

ಹಂತ 12: ನೀರಿನ ಮೇಲೆ

ಮೋರ್ಟನ್ ಕೊಲ್ಲಿಯಲ್ಲಿ 14ರಿಂದ 16 ನಾಟ್ ಗಾಳಿಗೆ, ಗಾಳಿ ಬದಿಯಿಂದ ಬರುವಾಗ, 10ರಿಂದ 11 ನಾಟ್ ಓಡಿತು. ಎರಡೂ ಎಂಜಿನ್ ಪೂರ್ತಿ ಕೊಟ್ಟಾಗ 3,050 ಆರ್‌ಪಿಎಂ, 8.6 ನಾಟ್. ಚುಕ್ಕಾಣಿ ಒಂದು ಕೈಯಲ್ಲಿ ತಿರುಗುವಷ್ಟು ಹಗುರ. ಬೋರ್ಡ್‌ಗಳು ಬಡಿಯಲಿಲ್ಲ.

ಬಾಕಿ ಉಳಿದದ್ದನ್ನು ಜಾಹೀರಾತಿನಲ್ಲೇ ಬರೆದದ್ದು: ಮುಂಹಾಯಿಯ ಬಟ್ಟೆ ಹಳತಾಗಿದೆ, ಎಡ ಶೌಚಾಲಯದ ಹೋಸ್ ಬದಲಿಸಬೇಕು, ಡೆಕ್ ತೇಪೆಯ ಬಿಳುಪು ಸುತ್ತಲಿನದಕ್ಕೆ ಪೂರ್ತಿ ಕೂಡುವುದಿಲ್ಲ. ಹೊಸ ತಂತಿ ಮೊದಲ ಓಟಗಳಲ್ಲಿ ಸ್ವಲ್ಪ ಹಿಗ್ಗುತ್ತದೆ. ಐವತ್ತು ಮೈಲಿ ಆದ ಮೇಲೆ ತಂತಿ ಬಿಗಿಯುವ ತಿರುಪುಗಳನ್ನು (ಟರ್ನ್‌ಬಕಲ್) ಮತ್ತೆ ಬಿಗಿದು, ಪಿನ್ ಹಾಕಿ, ಚೈನ್‌ಪ್ಲೇಟ್ ಬೋಲ್ಟ್‌ಗಳಿಗೆ ಒಮ್ಮೆ ಸ್ಪ್ಯಾನರ್ ಹಿಡಿಯಬೇಕೆಂದು ಕಡತದ ಮೊದಲ ಪುಟದಲ್ಲೇ ಬರೆದಿಟ್ಟಿದೆ.